ತಾರಸಿಯ ಸೋಲಾರ್‌ಗೆ ವಿಮೆ: ಅಶ್ವಿನಿ ಮಳೆ ಹುಟ್ಟುವ ಮುಂಚೆ

ಎರಡು ವರ್ಷದ ಹಿಂದೆ ಪಕ್ಕದ ಮನೆಯ ಸೋಲಾರ್ ಪ್ಯಾನೆಲ್ ಮೇಲೆ ಒಂದು ತೆಂಗಿನಕಾಯಿ ಬಿತ್ತು. ಮರ ನಮ್ಮದು. ಗಾಜು ಜೇಡರ ಬಲೆಯ ಹಾಗೆ ಬಿರಿದಿತ್ತು. “ಮರ ನಿಮ್ದು, ಗಾಜು ನಮ್ದು, ಏನ್ಮಾಡೋಣ ಹೇಳಿ ಸ್ವಾಮಿ” ಎಂದು ಆ ಮನೆಯ ಯಜಮಾನರು ಕಾಂಪೌಂಡಿನ ಆಚೆಯಿಂದಲೇ ನಕ್ಕರು. ಅದಾದ ತಿಂಗಳೊಳಗೆ ಭರಣಿ ಮಳೆಯ ಒಂದು ಸಿಡಿಲಿಗೆ ನಮ್ಮ ಮನೆಯ ಇನ್ವರ್ಟರ್ ಸುಟ್ಟುಹೋಯಿತು. ಅವರ ತೆಂಗಿನಕಾಯಿಗೆ ವಿಮೆಯ ಹಣ ಬಂತು, ನಮ್ಮ ಸಿಡಿಲಿಗೆ ಬರಲಿಲ್ಲ. ಎರಡೂ ಮನೆಯಲ್ಲಿದ್ದದ್ದು ಒಂದೇ ಬಗೆಯ ಪಾಲಿಸಿ!

ಯಾಕೆ ಹೀಗಾಯಿತು ಅಂತ ಪಾಲಿಸಿ ಕಾಗದವನ್ನು ಆಗ ಮೊದಲ ಸಲ ಪೂರ್ತಿ ಓದಿದೆ. ಹೊಸದಾಗಿ ಸೋಲಾರ್ ಹಾಕಿಸಿಕೊಂಡವರಿಗೆ ಉಪಯೋಗವಾಗಲಿ ಎಂದು ತಿಳಿದದ್ದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ವಾರಂಟಿ ಬೇರೆ, ವಿಮೆ ಬೇರೆ

“25 ವರ್ಷ ವಾರಂಟಿ ಇದೆಯಲ್ಲ, ವಿಮೆ ಯಾಕೆ?” ಎಂದು ಬಹಳ ಜನ ಕೇಳುತ್ತಾರೆ. ಆ 25 ವರ್ಷ ಪ್ಯಾನೆಲ್‌ನ ಉತ್ಪಾದನೆಗೆ ಕೊಟ್ಟ ಮಾತು: ಇಷ್ಟು ವರ್ಷದ ಮೇಲೂ ಇಷ್ಟು ಶೇಕಡಾ ಕರೆಂಟು ಕೊಡುತ್ತದೆ ಎಂಬುದಷ್ಟೇ. ತಯಾರಿಕೆಯ ದೋಷಕ್ಕೆ ಇರುವ ಅವಧಿ ಬೇರೆ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಇನ್ವರ್ಟರ್‌ಗೆ ಹೆಚ್ಚಾಗಿ 5ರಿಂದ 10 ವರ್ಷ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದ್ದರೆ 5 ವರ್ಷ ನಿರ್ವಹಣೆ ಮಾಡುವ ಹೊಣೆ ಹಾಕಿಕೊಟ್ಟವರದೇ. ಇವೆಲ್ಲ ಒಳಗಿನ ದೋಷಕ್ಕೆ. ಗಾಳಿ, ಮರ, ಸಿಡಿಲು, ಕಳ್ಳರು ಯಾವ ವಾರಂಟಿ ಕಾರ್ಡಿನಲ್ಲೂ ಇಲ್ಲ.

ಹಂತ 2: ಬೀರುವಿನಲ್ಲಿರುವ ಮನೆ ಪಾಲಿಸಿಯನ್ನು ಹೊರಗೆ ತೆಗೆಯಿರಿ

ಸೋಲಾರ್‌ಗೆಂದು ಬೇರೆ ಪಾಲಿಸಿ ಹುಡುಕುವ ಮುಂಚೆ ಇದನ್ನು ಮಾಡಿ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಕರಾದ ಐಆರ್‌ಡಿಎಐ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಜಾರಿಗೆ ತಂದಿದೆ. ಅದರಲ್ಲಿ ‘ಮನೆ ಕಟ್ಟಡ’ ಅಂದರೆ ಏನೇನು ಎಂಬ ಪಟ್ಟಿಯಿದೆ. ಕಾಂಪೌಂಡು ಗೋಡೆ, ನೀರಿನ ಟ್ಯಾಂಕುಗಳ ಜೊತೆ ಸೋಲಾರ್ ಪ್ಯಾನೆಲ್‌ಗಳ ಹೆಸರೂ ಅಲ್ಲಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಹೊರಗಿನ ವಸ್ತು ಬಂದು ಬಡಿಯುವುದು, ಇವೆಲ್ಲಕ್ಕೂ ರಕ್ಷಣೆ ಉಂಟು. ತೆಂಗಿನಕಾಯಿ ಗೆದ್ದದ್ದು ಈ ಕೊನೆಯ ಸಾಲಿನಿಂದ.

ಪಾಲಿಸಿ ಮಾಡಿಸಿದ ಮೇಲೆ ಪ್ಯಾನೆಲ್ ಹಾಕಿಸಿದ್ದರೆ ಕಂಪನಿಗೆ ಇ-ಮೇಲ್ ಬರೆದು, ಮೊತ್ತ ಹೆಚ್ಚಿಸಿ, ಪಾಲಿಸಿಗೆ ಸೇರಿಸಿದ ಕಾಗದವನ್ನು ಕೈಗೆ ತೆಗೆದುಕೊಳ್ಳಿ. ಆಲಿಕಲ್ಲಿನ ಬಗ್ಗೆಯೂ ಅದೇ ಪತ್ರದಲ್ಲಿ ಕೇಳಿಬಿಡಿ. ಏಜೆಂಟರ “ಎಲ್ಲಾ ಬರತ್ತೆ ಸಾರ್” ಲೆಕ್ಕಕ್ಕಿಲ್ಲ. ಮನೆ ಸಾಲ ಕೊಟ್ಟ ಬ್ಯಾಂಕು ಹಾಕಿಸಿದ ವಿಮೆಯನ್ನೂ ಒಮ್ಮೆ ನೋಡಿ: ಎಷ್ಟೋ ಸಲ ಅದು ಸಾಲಗಾರನ ಜೀವಕ್ಕೆ ಮಾಡಿಸಿದ್ದಾಗಿರುತ್ತದೆ, ಮನೆಗಲ್ಲ.

ಕಳ್ಳತನದ ವಿಷಯದಲ್ಲಿ ಒಂದು ಎಚ್ಚರಿಕೆ. ಈ ಪಾಲಿಸಿಯಲ್ಲಿ ಬೆಂಕಿ, ಪ್ರವಾಹದಂಥ ಅವಘಡವಾದ 7 ದಿನದೊಳಗೆ ನಡೆದ ಕಳವಿಗೆ ಮಾತ್ರ ಹಣ. ಸುಮ್ಮನೆ ಒಂದು ರಾತ್ರಿ ಯಾರೋ ಬಂದು ಕೇಬಲ್ಲು ಕತ್ತರಿಸಿಕೊಂಡು ಹೋದರೆ ಇಲ್ಲ. ತೋಟದ ಮನೆಯವರು, ತಿಂಗಳುಗಟ್ಟಲೆ ಬೀಗ ಹಾಕಿ ಮಕ್ಕಳ ಮನೆಗೆ ಹೋಗುವವರು ಕಳವಿನ ರಕ್ಷಣೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು. ತಾರಸಿ, ಅಂದರೆ ಬಾಗಿಲಿನ ಆಚೆ ಇರುವ ವಸ್ತು, ಅದರೊಳಗೆ ಬರುತ್ತದೆಯೇ ಎಂದೂ ಕೇಳಿ.

ಹಂತ 3: ಇನ್ವರ್ಟರನ್ನು ಹೊರಗಿಟ್ಟ ಸಾಲನ್ನು ಹುಡುಕಿ

ನಾನು ಸೋತದ್ದು ಇಲ್ಲಿ. ‘ಯಾವುದಕ್ಕೆ ಹಣ ಇಲ್ಲ’ ಎಂಬ ಭಾಗದಲ್ಲಿ ಒಂದು ಸಾಲು ಇದೆ: ವಿದ್ಯುತ್ ಉಪಕರಣವೊಂದು ಶಾರ್ಟ್ ಸರ್ಕ್ಯೂಟ್, ಅತಿಯಾದ ಒತ್ತಡ, ತಾನೇ ಕಾಯುವುದು, ಕರೆಂಟು ಸೋರುವುದು ಇಂಥವುಗಳಿಂದ ಕೆಟ್ಟರೆ ಆ ಉಪಕರಣಕ್ಕೆ ಪರಿಹಾರವಿಲ್ಲ. ಕಾರಣ ಯಾವುದೇ ಇರಲಿ, ಕಂಸದೊಳಗೆ ‘ಸಿಡಿಲೂ ಸೇರಿ’. ಆ ಎರಡು ಪದ ನನಗೆ ಒಂದು ಇನ್ವರ್ಟರಿನಷ್ಟು ದುಬಾರಿಯಾದವು.

ಅರ್ಥ ಇಷ್ಟು. ಸಿಡಿಲು ನೇರವಾಗಿ ಬಡಿದು ಪ್ಯಾನೆಲ್ ಒಡೆದರೆ ಅದು ಸಿಡಿಲಿನ ಹಾನಿ. ಎಲ್ಲೋ ಬಡಿದ ಸಿಡಿಲಿನಿಂದ ತಂತಿಯಲ್ಲಿ ವೋಲ್ಟೇಜು ಏರಿ ಇನ್ವರ್ಟರ್ ಸತ್ತರೆ ಅದು ಉಪಕರಣದ ಕೆಡುಕು. ಸುಟ್ಟ ಇನ್ವರ್ಟರಿನಿಂದ ಬೆಂಕಿ ಹರಡಿ ಕಿಟಕಿ ಸುಟ್ಟರೆ ಕಿಟಕಿಗೆ ಹಣ ಬರುತ್ತದೆ, ಇನ್ವರ್ಟರಿಗೆ ಬರುವುದಿಲ್ಲ. ನಮ್ಮಲ್ಲಿ ಮಳೆಗಾಲಕ್ಕೆ ನಿಜವಾಗಿ ಬಲಿಯಾಗುವುದು ಗಾಜಿಗಿಂತ ಹೆಚ್ಚಾಗಿ ಇನ್ವರ್ಟರೇ.

ಇದಕ್ಕೆ ಮದ್ದು ‘ಬ್ರೇಕ್‌ಡೌನ್ ಕವರ್’. ಮನೆ ಪಾಲಿಸಿಯ ಜೊತೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಕೆಲವು ಕಂಪನಿಗಳಲ್ಲಿ ಪಡೆಯಬಹುದು. ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ: ಸೋಲಾರ್ ಇನ್ವರ್ಟರ್ ಹೆಸರು ಹಿಡಿದು ಸೇರಿದೆಯೇ? ಎಷ್ಟು ವರ್ಷ ಹಳೆಯದಕ್ಕೆ ಒಪ್ಪುತ್ತಾರೆ? ಸವಕಲು ಎಂದು ಎಷ್ಟು ಕಳೆಯುತ್ತಾರೆ? ಮೊದಲ ಎಷ್ಟು ರೂಪಾಯಿ ನಮ್ಮ ಕೈಯಿಂದ? ಉತ್ತರ ಬರೆದು ಕೊಡದಿದ್ದರೆ ಮುಂದಿನ ಕಂಪನಿಗೆ ಹೋಗಿ.

(ಲೈನ್ ಕರೆಂಟು ಹೋದಾಗ ನೆಟ್ ಮೀಟರಿನ ಇನ್ವರ್ಟರೂ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯದಿರಲಿ ಎಂದು ಹಾಗೆ ಮಾಡಿರುತ್ತಾರೆ. ಇದಕ್ಕಾಗಿ ಕ್ಲೇಮು ಹಾಕಲು ಹೊರಟವರನ್ನು ನೋಡಿದ್ದೇನೆ.)

ಹಂತ 4: ಮೊತ್ತದಲ್ಲಿ ಸಬ್ಸಿಡಿ ಕಳೆಯಬೇಡಿ

3 ಕಿಲೋವ್ಯಾಟ್‌ಗೆ ಕೇಂದ್ರದಿಂದ ಬರುವ ಸಬ್ಸಿಡಿ 78,000 ರೂಪಾಯಿ. ಅದನ್ನು ಕಳೆದು, ಕೈಯಿಂದ ಹೋದಷ್ಟಕ್ಕೇ ವಿಮೆ ಮಾಡಿಸುವುದು ಜಾಣತನದಂತೆ ಕಾಣುತ್ತದೆ. ಆದರೆ ಬಿರುಗಾಳಿಗೆ ಎಲ್ಲವೂ ಹಾರಿಹೋದರೆ ಮತ್ತೆ ಸಬ್ಸಿಡಿ ಬರುತ್ತದೆಂದು ನಂಬಿ ಕೂರುವಂತಿಲ್ಲ. ಪ್ಯಾನೆಲ್, ಇನ್ವರ್ಟರ್, ಕಬ್ಬಿಣದ ಸ್ಟ್ರಕ್ಚರು, ಕೇಬಲ್ಲು, ಕೂಲಿ ಸೇರಿ ಇವತ್ತು ಹೊಸದಾಗಿ ಹಾಕಿಸಿದರೆ ಎಷ್ಟಾಗುತ್ತದೋ ಅಷ್ಟಕ್ಕೆ ಮಾಡಿಸಿ.

ಹಂತ 5: ಒಡೆಯುವ ಮುಂಚೆ ಫೋಟೊ ತೆಗೆಯಿರಿ

ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರು, ಇನ್ವರ್ಟರಿನ ಪಕ್ಕದಲ್ಲಿರುವ ಚೀಟಿ, ಬಿಲ್ಲು, ಎಸ್ಕಾಂನ ನೆಟ್ ಮೀಟರ್ ಕಾಗದ, ಎಲ್ಲವೂ ಮೊಬೈಲಿನಲ್ಲಿರಲಿ. ಮೂರು ಅರ್ಥಿಂಗ್ ಗುಂಡಿಗಳನ್ನೂ ಬಿಡಬೇಡಿ: ಮಿಂಚುಬಂಧಕಕ್ಕೊಂದು, ಡಿಸಿಗೊಂದು, ಎಸಿಗೊಂದು. “ಅರ್ಥಿಂಗ್ ಸರಿಯಿತ್ತೇ?” ಎನ್ನುವುದು ಸರ್ವೇಯರ್ ಕೇಳಬಹುದಾದ ಪ್ರಶ್ನೆ.

ಹಂತ 6: ಹಾನಿಯಾದ ದಿನ

ಒಡೆದ ಪ್ಯಾನೆಲ್ ಸತ್ತಿರುವುದಿಲ್ಲ. ಬಿಸಿಲಿರುವಷ್ಟು ಹೊತ್ತು ಕರೆಂಟು ಹುಟ್ಟುತ್ತಲೇ ಇರುತ್ತದೆ. ಸಾಲಾಗಿ ಜೋಡಿಸಿದ ಆರು ಪ್ಯಾನೆಲ್‌ನಲ್ಲಿ 200 ವೋಲ್ಟಿಗೂ ಹೆಚ್ಚು ಡಿಸಿ ಇರಬಹುದು. ಒದ್ದೆ ಕೈಯಲ್ಲಿ ಮುಟ್ಟಬೇಡಿ, ನೀರು ಹೊಯ್ಯಬೇಡಿ. ಇನ್ವರ್ಟರಿನ ಎಸಿ, ಡಿಸಿ ಸ್ವಿಚ್ಚುಗಳನ್ನು ಆರಿಸಿ, ಸೋಲಾರ್ ಹಾಕಿಕೊಟ್ಟವರನ್ನು ಕರೆಯಿರಿ. ಅವತ್ತೇ ಕಂಪನಿಗೆ ತಿಳಿಸಿ ಕ್ಲೇಮು ನಂಬರು ಬರೆದಿಟ್ಟುಕೊಳ್ಳಿ. ಕಳವಾದರೆ ಪೊಲೀಸ್ ದೂರು ಬೇಕು.

ಸರ್ವೇಯರ್ ಬಂದು ನೋಡುವ ತನಕ ಒಡೆದದ್ದನ್ನು ಗುಜರಿಗೆ ಕೊಡಬೇಡಿ. ನಮ್ಮ ಪಕ್ಕದ ಮನೆಯವರು ಪ್ಯಾನೆಲ್ ಜೊತೆಗೆ ಆ ತೆಂಗಿನಕಾಯಿಯನ್ನೂ ಎತ್ತಿಟ್ಟಿದ್ದರು. ಸರ್ವೇಯರ್ ಅದರದ್ದೂ ಫೋಟೊ ತೆಗೆದುಕೊಂಡು ಹೋದರು.

ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ನಾನು ಅಲ್ಲಿಗೆ ಹೋಗಲಿಲ್ಲ. ಪಾಲಿಸಿಯಲ್ಲಿ ಬರೆದಿದ್ದ ಪ್ರಕಾರ ಕಂಪನಿ ಹೇಳಿದ್ದು ಸರಿಯೇ ಇತ್ತು. ಹೊಸ ಇನ್ವರ್ಟರ್ ಕೈಯಿಂದ ಹಾಕಿಸಿಕೊಂಡೆ. ಅದಕ್ಕೆ ಬ್ರೇಕ್‌ಡೌನ್ ಕವರ್ ಇದೆ. ಪಕ್ಕದ ಮನೆಯ ಕಡೆ ಬಾಗಿದ ತೆಂಗಿನ ಕಾಯಿಗಳನ್ನು ಈಗ ಎಳನೀರಿದ್ದಾಗಲೇ ಕೀಳಿಸುತ್ತೇವೆ.