ಕೌದಿಗೆ ಎಳೆಯುವ ಗೆರೆ: ಮೂಡಬೇಕು, ಅಳಿಯಲೂ ಬೇಕು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರ ಮನೆಗಳಲ್ಲಿ ಕೌದಿ ಹೊಲಿಯುವ ಕೆಲಸ ನಡೆದೇ ಇರುತ್ತದೆ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಈ ಹೊದಿಕೆಯನ್ನು ಮರಾಠಿ ನೆರೆಯವರು ಗೋಧಡಿ ಎನ್ನುತ್ತಾರೆ. ಮನೆಯ ಮಟ್ಟಿಗೆ ಹೊಲಿಯುತ್ತಿದ್ದ ನಮ್ಮ ಅಕ್ಕತಂಗಿಯರಲ್ಲಿ ಕೆಲವರು ಈಗ ಅಂಗಡಿಗಳಿಗೂ ಹೊಲಿದುಕೊಟ್ಟು ಸಂಸಾರಕ್ಕೆ ಆಸರೆಯಾಗಿದ್ದಾರೆ. ಇದು ಸಂತೋಷದ ಮಾತು. ಆದರೆ ಅಂಗಡಿಯವರಿಗೆ ಹೊಲಿಗೆಯ ಸಾಲು ನೆಟ್ಟಗಿರಬೇಕು. ನೆಟ್ಟಗಾಗಲೆಂದು ಗೆರೆ ಎಳೆದರೆ, ಆ ಗೆರೆಯೇ ಬಟ್ಟೆಯಲ್ಲಿ ಉಳಿದು, ಕೂಲಿಯಲ್ಲಿ ಮುರಿದುಕೊಳ್ಳಲು ಕಾರಣವಾಗುತ್ತದೆ. ಕೂಲಿ ಹೋದರೆ ಮತ್ತೆ ದುಡಿಯಬಹುದು. ತೀರಿಕೊಂಡ ತಾಯಿಯ ಇಳಕಲ್ ಸೀರೆಯನ್ನು ಕೌದಿಗೆ ಹಾಕಿದವರಿಗೆ ಅದು ಕೆಟ್ಟರೆ ಇನ್ನೊಂದು ಸಿಕ್ಕುವುದಿಲ್ಲ. ಆದುದರಿಂದ ಈ ಸಣ್ಣ ವಿಷಯವನ್ನು ಕೊಂಚ ಕ್ರಮವಾಗಿ ವಿಚಾರಿಸೋಣ.

ಹಿಂದಿನವರ ರೀತಿ

ನಮ್ಮ ಹಿರಿಯರು ಕೌದಿಗೆ ಸಾಮಾನ್ಯವಾಗಿ ಗೆರೆ ಎಳೆಯುತ್ತಿರಲಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಹೊಲಿದ ಸಾಲೇ ಮುಂದಿನ ಸಾಲಿಗೆ ಗುರುತು. ಧಾರವಾಡದ ಕಡೆಯ ಕಸೂತಿಯಲ್ಲಿಯೂ ಗೆರೆಯಿಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕುತ್ತಾರೆ. ಲಖನೌದ ಚಿಕನ್ ಕೆಲಸದಲ್ಲಿ ಮಾತ್ರ ಮರದ ಅಚ್ಚಿನಿಂದ ತೊಳೆದರೆ ಹೋಗುವ ಬಣ್ಣವನ್ನು ಒತ್ತಿ, ಅದರ ಮೇಲೆ ಹೊಲಿದು, ಕಡೆಗೆ ಒಗೆದು ತೆಗೆಯುತ್ತಾರೆ. ನೂಲುವ ಗಿರಣಿಗಳಲ್ಲಿಯೂ ಒಂದು ಬಗೆಯ ನೂಲು ಇನ್ನೊಂದರೊಡನೆ ಬೆರೆಯದಂತೆ ತೊಳೆದರೆ ಹೋಗುವ ಬಣ್ಣದ ಗುರುತು ಕೊಡುವ ಪದ್ಧತಿಯುಂಟು. ಅಂದಮೇಲೆ ಅಳಿಯುವ ಗುರುತು ಹೊಸ ಸಂಗತಿಯೇನಲ್ಲ; ಹೊಸದಾದುದು ಪೇಟೆಯಲ್ಲಿ ಬಂದಿರುವ ನಾನಾ ಪೆನ್ನುಗಳು.

ಒಳ್ಳೆಯ ಗುರುತಿಗೆ ನಾಲ್ಕು ಗುಣಗಳು ಬೇಕು. ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು. ಹೊಲಿದು ಮುಗಿಯುವ ತನಕ ನಿಲ್ಲಬೇಕು. ಮುಗಿದ ಮೇಲೆ ಪೂರ್ತಿ ಹೋಗಬೇಕು. ಹೋದದ್ದು ತಿರುಗಿ ಬರಬಾರದು. ಕೊನೆಯ ಗುಣವನ್ನು ಜನ ಮರೆಯುವುದೇ ಹೆಚ್ಚು.

ಸಾಧನಗಳ ವಿಚಾರ

ಮೊದಲನೆಯದಾಗಿ, ಕಚೇರಿಯ ಮೇಜಿನ ಮೇಲಿನ ಸಾಮಾನು ಕೌದಿಯ ಹತ್ತಿರ ಬರಬಾರದು. ಬಾಲ್‌ಪೆನ್ನು, ಕಾರ್ಬನ್ ಕಾಗದ, ಒದ್ದೆಯಾದೊಡನೆ ನೇರಳೆಯಾಗುವ ಕಾಪಿಯಿಂಗ್ ಪೆನ್ಸಿಲು, ಇವೆಲ್ಲ ಬರೆದದ್ದು ಉಳಿಯಲೆಂದೇ ಆದವು. ಗುಮಾಸ್ತನಿಗೆ ಯಾವುದು ಗುಣವೋ ಕೌದಿಗೆ ಅದೇ ದೋಷ. ಸಾಧಾರಣ ಸೀಸದ ಪೆನ್ಸಿಲಿನಲ್ಲಿಯೂ ಎಚ್ಚರ ಬೇಕು. ಅದರಲ್ಲಿರುವ ಗ್ರಾಫೈಟು ನೀರಿನಲ್ಲಿ ಕರಗುವುದಿಲ್ಲ. ಸಾಬೂನು ಅದನ್ನು ಉಜ್ಜಿ ಕದಲಿಸಬೇಕಷ್ಟೆ. ಬಳಸಲೇಬೇಕಾದರೆ ಗಟ್ಟಿ ಸೀಸದ, ಮೊನಚಾದ ಪೆನ್ಸಿಲಿನಿಂದ ಹಗುರವಾಗಿ ಚುಕ್ಕಿಗಳನ್ನು ಮಾತ್ರ ಇಡತಕ್ಕದ್ದು.

ಎರಡನೆಯದು, ದರ್ಜಿಗಳ ಸೀಮೆಸುಣ್ಣ. ಇದರಲ್ಲಿ ಎರಡು ಜಾತಿ. ಮಣ್ಣಿನದು ಕೊಡವಿದರೆ ಹೋಗುತ್ತದೆ, ಆದರೆ ಕೈ ಸವರಿದರೂ ಹೋಗುತ್ತದೆ. ಆದಕಾರಣ ಒಂದೆರಡು ಗೆರೆ ಎಳೆದು ಹೊಲಿದು ಮುಂದೆ ಸಾಗಬೇಕು. ಮೇಣದ್ದು ಇಸ್ತ್ರಿಯ ಶಾಖಕ್ಕೆ ಕರಗಿ ಕಾಣದಾಗುತ್ತದೆ, ಆದರೆ ತೆಳು ಬಟ್ಟೆ ಮತ್ತು ರೇಷ್ಮೆಯ ಮೇಲೆ ಜಿಡ್ಡಿನ ಕಲೆ ಬಿಡಬಹುದು. ಬಣ್ಣದ ಸುಣ್ಣಕ್ಕಿಂತ ಬಿಳಿಯದೇ ಕ್ಷೇಮ.

ಮೂರನೆಯದು, ಸವೆದು ಒಣಗಿದ ಸಾಬೂನಿನ ಚಕ್ಕೆ. ಕಪ್ಪು, ಕೆಂಪು, ಹಸಿರು ಬಟ್ಟೆಗಳ ಮೇಲೆ ಇದು ಚೆನ್ನಾಗಿ ಕಾಣುತ್ತದೆ, ಒಂದೇ ಒಗೆತಕ್ಕೆ ಹೋಗುತ್ತದೆ, ಖರ್ಚೂ ಇಲ್ಲ. ಬಿಳಿಯ ಸಾದಾ ಸಾಬೂನಾಗಿರಲಿ. ಬಣ್ಣ, ಎಣ್ಣೆ, ಸುಗಂಧ ಹೆಚ್ಚಿರುವುದು ಬೇಡ. ಬಿಳಿ ಬಟ್ಟೆಗೆ ಇದು ಉಪಯೋಗಕ್ಕೆ ಬಾರದು.

ನಾಲ್ಕನೆಯದು, ನೀರಿಗೆ ಅಳಿಯುವ ನೀಲಿ ಪೆನ್ನು. ಗೆರೆ ಅಂದವಾಗಿ ಬೀಳುತ್ತದೆ. ಆದರೆ ಅಳಿಸುವ ಮೊದಲು ಇಸ್ತ್ರಿ ತಗುಲಿದರೆ ಕಲೆ ಶಾಶ್ವತವಾಗುವ ಭಯವುಂಟು. ಒದ್ದೆ ಬಟ್ಟೆಯಿಂದ ಮೇಲೆ ಮೇಲೆ ಒರೆಸಿದರೆ ಸಾಲದು. ಕೌದಿಗೆ ನಾಲ್ಕಾರು ಪದರಗಳು. ಶಾಯಿ ಒಳಪದರಕ್ಕೆ ಇಳಿದು ಅಡಗಿ, ಒಣಗುವಾಗ ಮತ್ತೆ ಮೇಲಕ್ಕೆ ಬರುತ್ತದೆ. ಇಡೀ ಕೌದಿಯನ್ನು ತಣ್ಣೀರಿನಲ್ಲಿ ನೆನೆಸಿ ಜಾಲಿಸಿದ ಮೇಲೆಯೇ ಸಾಬೂನು ಹಚ್ಚಬೇಕು.

ಐದನೆಯದು, ಗಾಳಿಗೆ ಮಾಯವಾಗುವ ನೇರಳೆ ಪೆನ್ನು. ಕೆಲವು ಗಂಟೆಗಳಿಂದ ಒಂದೆರಡು ದಿನದೊಳಗೆ ತಾನೇ ಹೋಗುತ್ತದೆ; ತೇವದ ಹವೆಯಲ್ಲಿ ಇನ್ನೂ ಬೇಗ. ಇಂದು ಹೊಲಿಯುವಷ್ಟನ್ನೇ ಇಂದು ಎಳೆಯಬೇಕು. ಮಾಯವಾಯಿತೆಂದು ಒಗೆಯದೆ ಬಿಡಬಾರದು, ಕಾಣದಿದ್ದರೂ ಅದರ ಅಂಶ ಬಟ್ಟೆಯಲ್ಲಿಯೇ ಇರುತ್ತದೆ.

ಆರನೆಯದು, ಶಾಖಕ್ಕೆ ಅಳಿಯುವ ಪೆನ್ನು. ಜಪಾನಿನ ಪೈಲಟ್ ಕಂಪನಿಯ ಫ್ರಿಕ್ಷನ್ ಪೆನ್ನು ಈ ಜಾತಿಯದು. ಇದು ಕಾಗದಕ್ಕಾಗಿ ಬಂದದ್ದು. ಸುಮಾರು ೬೦ ಡಿಗ್ರಿ ಸೆಂಟಿಗ್ರೇಡಿಗೆ ಬಣ್ಣ ಕಳೆದುಕೊಳ್ಳುತ್ತದೆ. ಆದುದರಿಂದ ಇಸ್ತ್ರಿಯಾಡಿಸಿದೊಡನೆ ಗೆರೆ ಮಾಯ. ಆದರೆ ಶಾಯಿ ಎಲ್ಲಿಯೂ ಹೋಗಿಲ್ಲ, ಬಣ್ಣ ಮಾತ್ರ ಅಡಗಿದೆ. ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಗೆರೆ ಪುನಃ ಮೂಡುತ್ತದೆ. ನಮ್ಮ ಚಾಳಿನಲ್ಲಿ ಅಂಥ ಚಳಿಯೆಲ್ಲಿ ಎನ್ನಬಹುದು. ಲಡಾಖಿನಲ್ಲಿ ಸೈನ್ಯದ ಕೆಲಸದಲ್ಲಿರುವ ಮಗನಿಗೆ ಕಳಿಸಿದ ಕೌದಿಯ ಗತಿಯನ್ನು ಯೋಚಿಸಿ ನೋಡಿ! ಕಡು ಬಣ್ಣದ ಬಟ್ಟೆಯ ಮೇಲೆ ಇದರ ಬಿಳಿಚಿದ ಜಾಡು ಉಳಿಯುವುದೂ ಉಂಟು.

ಕಡೆಯದಾಗಿ, ಬಣ್ಣವೇ ಇಲ್ಲದ ಗುರುತುಗಳು. ಜಪಾನಿನಲ್ಲಿ ಹೆರಾ ಎಂಬ ಮೊಂಡಂಚಿನ ಸಲಕರಣೆಯಿಂದ ಬಟ್ಟೆಯನ್ನು ಒತ್ತಿ ಗೀರುತ್ತಾರೆ. ನಮ್ಮಲ್ಲಿ ಉಗುರಿನಿಂದಲೋ ಚಮಚದ ಹಿಡಿಯ ತುದಿಯಿಂದಲೋ ಮಡಿಕೆ ಗೀರುವುದು ಅದೇ ಕೆಲಸ. ಉದ್ದುದ್ದವಾಗಿ ಹಾಕಿದ ಕಚ್ಚಾ ಹೊಲಿಗೆಯೂ ಆಗುತ್ತದೆ. ಕೆಲಸ ನಿಧಾನ, ಆದರೆ ಕಲೆಯ ಭಯವಿಲ್ಲ. ಸ್ಮರಣೆಯ ಸೀರೆಗಳಿಗೆ ನಾವು ಇದನ್ನೇ ಹೇಳುತ್ತೇವೆ.

ಪರೀಕ್ಷೆಯ ಕ್ರಮ

ಪೆನ್ನಿನ ಮೇಲೆ ಬರೆದ ಭರವಸೆ ಯಾರದೋ ಬಟ್ಟೆಗೆ ಸಂಬಂಧಿಸಿದ್ದು. ನಿಮ್ಮ ಬಟ್ಟೆಯ ಉತ್ತರವನ್ನು ನಿಮ್ಮ ಬಟ್ಟೆಯಿಂದಲೇ ಕೇಳಬೇಕು.

೧. ಕೌದಿಗೆ ಹಾಕುವ ಪ್ರತಿಯೊಂದು ಮೇಲ್ಬಟ್ಟೆಯಿಂದ ಗೇಣುದ್ದದ ಎರಡು ತುಂಡು ತೆಗೆಯಿರಿ. ಹೊಸ ಬಟ್ಟೆಯಲ್ಲಿ ಗಂಜಿಯಿರುತ್ತದೆ. ಕೌದಿಗೆ ಒಗೆದ ಬಟ್ಟೆ ಹಾಕುವುದಾದರೆ ತುಂಡೂ ಒಗೆದದ್ದಾಗಿರಲಿ.

೨. ಬಟ್ಟೆಯ ಬಣ್ಣವೇ ಬಿಡುತ್ತದೆಯೋ ನೋಡಿ. ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಉಜ್ಜಿದಾಗ ಚಿಂದಿಗೆ ಬಣ್ಣ ಹತ್ತಿದರೆ, ನೀರಿಗೆ ಅಳಿಯುವ ಪೆನ್ನು ಆ ಬಟ್ಟೆಗೆ ಬೇಡ.

೩. ಎರಡೂ ತುಂಡುಗಳಿಗೆ ಅದೇ ಒಳಪದರ ಹಾಕಿ, ಪ್ರತಿ ಸಾಧನದಿಂದ ಒಂದೊಂದು ಗೆರೆ ಎಳೆದು, ಅರ್ಧ ಗೆರೆಯ ಮೇಲೆ ಹೊಲಿಯಿರಿ. ಗೆರೆಗಳ ಕ್ರಮವನ್ನು ಬೇರೆ ಕಾಗದದಲ್ಲಿ ಬರೆದಿಡಿ.

೪. ಕೌದಿ ಮುಗಿಯಲು ಹಿಡಿಯುವಷ್ಟು ದಿನ ತುಂಡುಗಳನ್ನು ಹಾಗೆಯೇ ಇಡಿ. ಎಳೆದ ಕೂಡಲೆ ಅಳಿಸಿ ನೋಡುವುದು ಪರೀಕ್ಷೆಯಲ್ಲ.

೫. ಮೊದಲ ತುಂಡನ್ನು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸಾಬೂನಿನಿಂದ ಒಗೆದು ಒಣಗಿಸಿ. ಎರಡನೆಯದಕ್ಕೆ ಬೇಕೆಂತಲೇ ಮೊದಲು ಇಸ್ತ್ರಿ ಹಾಕಿ, ಅನಂತರ ಒಗೆಯಿರಿ. ಮೊದಲನೆಯದು ಸರಿಯಾದ ದಾರಿಯನ್ನೂ ಎರಡನೆಯದು ಆಗಬಹುದಾದ ಕೇಡನ್ನೂ ತೋರಿಸುತ್ತದೆ.

೬. ಶಾಖಕ್ಕೆ ಅಳಿಯುವ ಪೆನ್ನಿನ ಗೆರೆಯಿದ್ದರೆ ಒಣಗಿದ ತುಂಡನ್ನು ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಒಂದು ರಾತ್ರಿ ಇಟ್ಟು ನೋಡಿ.

೭. ತುಂಡನ್ನು ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿ ನೋಡಬೇಕು. ಒದ್ದೆ ಬಟ್ಟೆಯೂ ರಾತ್ರಿಯ ದೀಪವೂ ಕಲೆಯನ್ನು ಮುಚ್ಚಿಡುತ್ತವೆ.

ಇಷ್ಟಾದ ಮೇಲೆ ಯಾವ ಗೆರೆ ಪೂರ್ತಿ ಹೋಗಿದೆಯೋ ಆ ಸಾಧನವನ್ನು ಆ ಬಟ್ಟೆಗೆ ಬಳಸಬಹುದು. ಬಟ್ಟೆ ಬದಲಾದರೆ ಪರೀಕ್ಷೆಯನ್ನೂ ಮತ್ತೆ ಮಾಡತಕ್ಕದ್ದು. ಹತ್ತಿಯ ಮೇಲೆ ಹೋದದ್ದು ಪಾಲಿಸ್ಟರಿನ ಮೇಲೆ ಹೋಗಲೇಬೇಕೆಂಬ ನಿಯಮವಿಲ್ಲ. ಅಂಗಡಿಗೆ ಕೌದಿ ಕೊಡುವವರು ಪರೀಕ್ಷೆಯ ತುಂಡನ್ನು ಜತೆಗಿಟ್ಟುಕೊಂಡು, ಹೇಗೆ ಒಗೆಯಬೇಕೆಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಮುಂದೆ ವಾದಕ್ಕೆ ಎಡೆಯಿರುವುದಿಲ್ಲ. ಬರೆಯಲು ಬಾರದವರಿಗೆ ಆ ಚೀಟಿಯನ್ನು ಬರೆದುಕೊಡುವುದು ನಮ್ಮ ವಾಚನಾಲಯದ ಅಕ್ಷರಸ್ಥ ಬಂಧುಗಳು ಸಂತೋಷದಿಂದ ಮಾಡಬಹುದಾದ ಸೇವೆ. ಪರೀಕ್ಷಿಸಿದ ತುಂಡುಗಳನ್ನು ಇಲ್ಲಿಗೆ ತಂದರೆ ಅವನ್ನು ಒಂದು ಪುಸ್ತಕದಲ್ಲಿ ಅಂಟಿಸಿ, ಯಾವ ಗೆರೆ ಯಾವ ಬಟ್ಟೆಯಲ್ಲಿ ಉಳಿಯಿತು ಎಂದು ಬರೆದಿಡೋಣ. ಒಬ್ಬರ ತುಂಡು ಬಟ್ಟೆ ಹತ್ತು ಮನೆಯ ಕೌದಿಯನ್ನು ಉಳಿಸೀತು.