ಗಿನಿಪಿಗ್ ತರುವ ಮುನ್ನ

ಮಗು ಹಟ ಹಿಡಿಯಿತೆಂದು ಮೈಸೂರಿನಲ್ಲಿ ಗಿನಿಪಿಗ್ ಕೊಂಡು ಶ್ರೀರಂಗಪಟ್ಟಣದ ಬಸ್ ಹತ್ತುವವರು ಮಾಡುವ ಮೊದಲ ತಪ್ಪು, ಒಂದನ್ನೇ ತರುವುದು. ಗುಂಪಿನಲ್ಲಿ ಬಾಳುವ ಪ್ರಾಣಿಯದು, ಒಂಟಿಯಾದರೆ ಕೊರಗುತ್ತದೆ. ಹಾಗೆಂದು ಗಂಡು-ಹೆಣ್ಣಿನ ಜೋಡಿ ತಂದೀರಿ, ಜೋಕೆ! ಹುಟ್ಟಿದ ತಿಂಗಳೊಪ್ಪತ್ತಿನಲ್ಲೇ ಹೆಣ್ಣು ಗಬ್ಬವಾಗಬಲ್ಲದು. ಎರಡೂ ಹೆಣ್ಣಾದರೆ ಕ್ಷೇಮ.

ಬಿಸಿಲೇ ದೊಡ್ಡ ಶತ್ರು. ಮೂಲತಃ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ತಂಪಿನ ಜೀವಿ. 28 ಡಿಗ್ರಿ ದಾಟಿದರೆ ಬಳಲುತ್ತದೆ. ನಾಗಮಂಗಲ, ಕೆ.ಆರ್.ಪೇಟೆ ಕಡೆ ಏಪ್ರಿಲ್‌ನಲ್ಲಿ 35 ಡಿಗ್ರಿ ಮಾಮೂಲು. ಶೀಟಿನ ಮನೆಯಾದರೆ ಆಸೆ ಬಿಟ್ಟುಬಿಡಿ.

ಪಾಂಡವಪುರದ ನೀರಾವರಿ ಬಯಲಲ್ಲಿ ಮೇವಿಗೇನೂ ಬರವಿಲ್ಲ ಅನ್ನಿ. ಆದರೆ ಔಷಧಿ ಹೊಡೆದ ಗದ್ದೆಯ ಬದುವಿನ ಹುಲ್ಲು ಬೇಡ. ಹಲ್ಲು ಸದಾ ಬೆಳೆಯುವುದರಿಂದ, ಅದು ಸವೆಯಲು ದಿನವಿಡೀ ಒಣಹುಲ್ಲು, ಗರಿಕೆ ಮುಂದಿರಬೇಕು. ನಮ್ಮಂತೆ ಅದರ ಮೈಯೂ ವಿಟಮಿನ್ ಸಿ ತಯಾರಿಸಿಕೊಳ್ಳದು. ನಿತ್ಯ ದಪ್ಪ ಮೆಣಸಿನಕಾಯಿ, ಚೂರು ಸೀಬೆ ಕೊಡಿ. ಅನ್ನ, ಬಿಸ್ಕತ್ತು ತಿನ್ನಿಸಬೇಡಿ.

ಆಯಸ್ಸು 5ರಿಂದ 8 ವರ್ಷ. ಐದನೇ ತರಗತಿಯ ಮಗು ಪಿಯುಸಿಗೆ ಹೋದಾಗ ಗೂಡು ಗುಡಿಸುವವರು ಯಾರು? ಈಗಲೇ ಮಾತಾಡಿಕೊಳ್ಳಿ.

ಹಳ್ಳಿಕಾರ್ ಎತ್ತು, ಕುರಿ, ಮೇಕೆಗಳಲ್ಲಿ ಪಳಗಿದ ತಾಲ್ಲೂಕಿನ ಪಶುವೈದ್ಯರಿಗೆ ಇದು ಅಪರೂಪದ ರೋಗಿ. ಇದನ್ನು ನೋಡಬಲ್ಲವರು ಮಂಡ್ಯದಲ್ಲೋ ಮೈಸೂರಿನಲ್ಲೋ ಇದ್ದಾರೆಯೇ ಎಂದು ವಿಚಾರಿಸಿಯೇ ದುಡ್ಡು ಎಣಿಸಿ. ಒಂದು ದಿನ ಮೇವು ಬಿಟ್ಟರೂ ಇದರ ಜೀವಕ್ಕೆ ಅಪಾಯ, ಆಗ ಹುಡುಕಾಡಲು ಹೊತ್ತಿರುವುದಿಲ್ಲ.