ಇಂಗ್ಲಿಷ್ ನಿಷೇಧವಾಕ್ಯದಲ್ಲಿ ಕರ್ಮಪೂರಕ

ಇಂಗ್ಲಿಷಿನಲ್ಲಿ ಕರ್ಮದ ಗುಣವನ್ನೋ ಸ್ಥಿತಿಯನ್ನೋ ತಿಳಿಸುವ ಪದವು ಕರ್ಮಪೂರಕವೆನಿಸುತ್ತದೆ. ‘ಶೀ ಪೇಂಟೆಡ್ ದ ಡೋರ್ ರೆಡ್’ ಎಂಬಲ್ಲಿ ‘ಡೋರ್’ ಕರ್ಮ, ‘ರೆಡ್’ ಅದರ ಪೂರಕ. ಇದರ ನಿಷೇಧರೂಪ ‘ಶೀ ಡಿಡ್ ನಾಟ್ ಪೇಂಟ್ ದ ಡೋರ್ ರೆಡ್’. ಇಲ್ಲಿ ‘ನಾಟ್’ ಸಹಾಯಕ ಕ್ರಿಯಾಪದವನ್ನು ಹಿಂಬಾಲಿಸಿದರೂ ಅದರ ವ್ಯಾಪ್ತಿ ಪೂರಕದವರೆಗೂ ಚಾಚುತ್ತದೆ. ಆಕೆ ಬಣ್ಣವನ್ನೇ ಬಳಿಯದಿರಬಹುದು. ಬಳಿದ ಬಣ್ಣ ಬೇರೆಯಾಗಿರಲೂಬಹುದು. ಮಾತಿನಲ್ಲಿ ‘ರೆಡ್’ ಪದದ ಮೇಲಣ ಒತ್ತು ಎರಡನೆಯ ಅರ್ಥವನ್ನು ಸೂಚಿಸುತ್ತದೆ. ಬರಹದಲ್ಲಿ ಸಂದರ್ಭವೇ ಆಧಾರ. ಕನ್ನಡವಾದರೋ ಈ ಭೇದವನ್ನು ವಾಕ್ಯರಚನೆಯಲ್ಲಿಯೇ ತೋರಬಲ್ಲದು: ‘ಬಾಗಿಲಿಗೆ ಬಣ್ಣ ಬಳಿಯಲಿಲ್ಲ’, ‘ಬಾಗಿಲಿಗೆ ಬಳಿದದ್ದು ಕೆಂಪು ಬಣ್ಣವಲ್ಲ’. ಅನುವಾದಕನು ‘ಇಲ್ಲ’, ‘ಅಲ್ಲ’ಗಳಲ್ಲಿ ಒಂದನ್ನು ಆಯುವ ಮೊದಲು ನಿಷೇಧವು ಯಾವುದರ ಮೇಲಿದೆಯೆಂದು ನಿರ್ಧರಿಸಬೇಕು, ತಪ್ಪಿದರೆ ನಡೆದ ಕ್ರಿಯೆಯೇ ನಡೆಯಲಿಲ್ಲವೆಂಬ ಅರ್ಥ ಬರುತ್ತದೆ.